ಫರ್ಟಿಕ್ವಾಲ್ ಫಾರಂನಲ್ಲಿ 47 ಬಂದರೆ ಗರ್ಭ ನಿಲ್ಲುವುದು ಕಷ್ಟವಾ?

ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಗೆ ಮೊದಲು ಕ್ಲಿನಿಕ್‌ನವರು ಬದುಕಿನ ಗುಣಮಟ್ಟ ಅಳೆಯುವ ಫರ್ಟಿಕ್ವಾಲ್ (FertiQoL) ಅನ್ನುವ ಫಾರಂ ತುಂಬಿಸಿದರು, ನೂರಕ್ಕೆ 47 ಬಂತು, ಇಷ್ಟು ಕಡಿಮೆ ಇದ್ದರೆ ಚಿಕಿತ್ಸೆ ಫಲಿಸುತ್ತದಾ ಅಂತ ಕೇಳಿದ್ದೀರಿ.

ಮೊದಲು ಆ ಭಯ ಬಿಡಿ. 2011ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವಿಶ್ಲೇಷಣೆ ಬಂತು. 14 ಅಧ್ಯಯನ, 3,583 ಮಹಿಳೆಯರು. ಚಿಕಿತ್ಸೆಗೆ ಮೊದಲೇ ಇದ್ದ ಆತಂಕ, ಬೇಸರಗಳಿಗೂ ಆ ಸುತ್ತಿನ ಚಿಕಿತ್ಸೆಯಲ್ಲಿ ಗರ್ಭ ನಿಲ್ಲುವುದಕ್ಕೂ ಸಂಬಂಧ ಕಾಣಲಿಲ್ಲ. "ಟೆನ್ಷನ್ ಬಿಡು, ತಾನಾಗೇ ಆಗುತ್ತೆ" ಅನ್ನುವ ಚಿಕ್ಕಮ್ಮಂದಿರಿಗೆ ಇದನ್ನು ಹೇಳಿ ಪ್ರಯೋಜನ ಇಲ್ಲ ಬಿಡಿ. ಆ ವಿಶ್ಲೇಷಣೆ ಬರೆದವರಲ್ಲಿ ಒಬ್ಬರು ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಜಾಕಿ ಬೊವಿನ್. ಫರ್ಟಿಕ್ವಾಲ್ ರೂಪಿಸಿದ್ದೂ ಅವರ ತಂಡವೇ. ಹಾಗಾಗಿ ಈ ಫಾರಂ ಭವಿಷ್ಯ ಹೇಳುವುದಕ್ಕಲ್ಲ. ಮಕ್ಕಳಾಗದ ಚಿಂತೆ ನಿಮ್ಮ ದಿನನಿತ್ಯದ ಬದುಕನ್ನು ಎಲ್ಲಿ ಹಿಂಡುತ್ತಿದೆ ಅಂತ ನೋಡುವುದಕ್ಕೆ.

ಆ "ಎಲ್ಲಿ" ಅನ್ನುವುದು 47ರಲ್ಲಿ ಕಾಣುವುದಿಲ್ಲ. ಒಂದೊಂದು ಭಾಗದ ಅಂಕವನ್ನೂ ಬೇರೆಬೇರೆಯಾಗಿ ಕೇಳಿ ಪಡೆಯಿರಿ. ಒಟ್ಟು 36 ಪ್ರಶ್ನೆ. ಅದರಲ್ಲಿ 24 ಮುಖ್ಯವಾದವು, ಆರಾರರಂತೆ ನಾಲ್ಕು ಭಾಗ: ಭಾವನೆ, ದೇಹ-ಮನಸ್ಸು, ದಾಂಪತ್ಯ, ಸಮಾಜ. ಹತ್ತು ಪ್ರಶ್ನೆ ಚಿಕಿತ್ಸೆಯ ಬಗ್ಗೆ. ಉಳಿದ ಎರಡು ಒಟ್ಟಾರೆ ಆರೋಗ್ಯ, ತೃಪ್ತಿಯ ಬಗ್ಗೆ. ಪ್ರತಿ ಉತ್ತರಕ್ಕೆ 0ಯಿಂದ 4. ಒಂದು ಭಾಗದ ಅಂಕ ಕೂಡಿಸಿ, 25ರಿಂದ ಗುಣಿಸಿ, ಆ ಭಾಗದ ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸಿದರೆ ನೂರರ ಲೆಕ್ಕಕ್ಕೆ ಬರುತ್ತದೆ. ಆರು ಪ್ರಶ್ನೆಗೆ 9 ಬಂದಿದ್ದರೆ 37.5. ಜಾಸ್ತಿ ಬಂದಷ್ಟೂ ಬದುಕು ಹಗುರ ಅಂತ ಅರ್ಥ.

ನಮ್ಮಿಬ್ಬರದನ್ನೇ ಹೇಳುತ್ತೇನೆ. ಕ್ಲಿನಿಕ್‌ನಲ್ಲಿ ಹೆಂಡತಿಗೆ ಮಾತ್ರ ಫಾರಂ ಕೊಟ್ಟರು. ಇದು ಗಂಡಸರಿಗೂ ಸೇರಿಸಿಯೇ ಮಾಡಿದ್ದು, ನಾನು ಕೇಳಿ ತೆಗೆದುಕೊಂಡೆ. ದಾಂಪತ್ಯದ ಭಾಗದಲ್ಲಿ ಇಬ್ಬರಿಗೂ ಒಳ್ಳೆಯ ಅಂಕ. ಸಮಾಜದ ಭಾಗದಲ್ಲಿ ಅವಳದು ನೆಲಕಚ್ಚಿತ್ತು, ನನ್ನದು ಚೆನ್ನಾಗೇ ಇತ್ತು. ಯಾಕೆ ಅಂತ ಯೋಚಿಸಬೇಕಾಗೇ ಇರಲಿಲ್ಲ. ನಾಮಕರಣಕ್ಕೆ ಹೋದರೆ ನನ್ನನ್ನು ಕೇಳುವುದು ಕೆಲಸದ ಬಗ್ಗೆ, ಅವಳನ್ನು ಕೇಳುವುದು "ವಿಶೇಷ ಏನೂ ಇಲ್ವಾ?" ಸೀಮಂತದಲ್ಲಿ ಆರತಿಗೆ ಅವಳನ್ನು ಕರೆಯಬೇಕೋ ಬೇಡವೋ ಅಂತ ಹೆಂಗಸರು ಮುಖಮುಖ ನೋಡಿಕೊಳ್ಳುತ್ತಿದ್ದರು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ಎರಡು ಹಾಳೆ ಪಕ್ಕಪಕ್ಕ ಇಟ್ಟಾಗ ಅವಳು ಹೊರುತ್ತಿದ್ದ ಭಾರ ನನ್ನ ಹತ್ತಿರವೂ ಸುಳಿದಿಲ್ಲ ಅನ್ನುವುದು ಅಂಕಿಯಲ್ಲೇ ಇತ್ತು. ಆಮೇಲೆ ಯಾವ ಕಾರ್ಯಕ್ರಮಕ್ಕೆ ಹೋಗಬೇಕು, ಎಲ್ಲಿಗೆ ನಾನೊಬ್ಬನೇ ಹೋದರೆ ಸಾಕು ಅಂತ ಕೂತು ತೀರ್ಮಾನ ಮಾಡಿದೆವು. ನೆಂಟರಿಗೆ ಕೋಪ ಬಂತು, ಬರಲಿ.

ನಿಮಗೆ ಕಡಿಮೆ ಬಂದಿರುವುದು ಭಾವನೆಯ ಭಾಗದಲ್ಲಾದರೆ ಮದ್ದು ಬೇರೆ. ಕೌನ್ಸೆಲಿಂಗ್ ಕೇಳಿ. ಐವಿಎಫ್‌ನಂಥ ಚಿಕಿತ್ಸೆಗಳಿಗೆಂದೇ ಇರುವ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಅದನ್ನು ಒದಗಿಸುವುದು ಕ್ಲಿನಿಕ್‌ನ ಕರ್ತವ್ಯ, ಸುಮ್ನೆ ಮಾಡುವ ಉಪಕಾರ ಅಲ್ಲ. ಚಿಕಿತ್ಸೆಯ ಪ್ರಶ್ನೆಗಳಿಗೆ ಈಗಲೇ ಉತ್ತರಿಸಿದ್ದರೆ ಅದನ್ನು ಪಕ್ಕಕ್ಕಿಡಿ, ಇಂಜೆಕ್ಷನ್ ಶುರುವಾದ ಮೇಲೆ ಮತ್ತೆ ತುಂಬಿ. ಹೋಲಿಸುವುದಾದರೆ ನಿಮ್ಮ ಹಳೆಯ ಅಂಕದ ಜೊತೆ ಹೋಲಿಸಿ, ವೇಟಿಂಗ್ ಹಾಲ್‌ನಲ್ಲಿ ಪಕ್ಕದಲ್ಲಿ ಕೂತವರದರ ಜೊತೆ ಅಲ್ಲ.

ನಿಮ್ಮ ಯಜಮಾನರಿಗೂ ಒಂದು ಫಾರಂ ಕೊಡಿಸಿ. ನಿಮ್ಮ ಉತ್ತರ ನೋಡದೆ, ಬೇರೆ ಕೂತು ತುಂಬಲಿ.