ವಜ್ರಪುರಕ್ಕೆ ನೀರು ಎಲ್ಲಿಂದ ಬರುತ್ತದೆ?

ನಮಸ್ಕಾರ.

ನಿಮ್ಮ 22 ಪುಟದ ಸೂಪರ್‌ಹೀರೋ ಕಾಮಿಕ್ಸ್ ಸ್ಕ್ರಿಪ್ಟ್ ಓದಿದೆವು. ಈಗಿರುವ ಹಾಗೆ ತೆಗೆದುಕೊಳ್ಳಲಾಗದು. ಹೊಡೆದಾಟದ ಪುಟಗಳು ಗಟ್ಟಿಯಾಗಿವೆ, ನಾಯಕಿಯ ಮಾತು ಚುರುಕಾಗಿದೆ. ಎಡವಟ್ಟಾಗಿರುವುದು ನೀವು ಕಟ್ಟಿದ ವಜ್ರಪುರ ಎಂಬ ಊರಿನಲ್ಲಿ, ಅಲ್ಲಿನ ಸಂಸ್ಥೆಯಲ್ಲಿ.

ವಜ್ರಪುರದ 400 ವರ್ಷಗಳ ಚರಿತ್ರೆಗೆ ಮೊದಲ ನಾಲ್ಕು ಪುಟ ಹೋಗಿವೆ. ಮುಂದಿನ 18 ಪುಟಗಳಲ್ಲಿ ಅದರ ಒಂದು ಸಂಗತಿಯೂ ಕೆಲಸಕ್ಕೆ ಬಂದಿಲ್ಲ. ಬ್ಯಾಟ್‌ಮ್ಯಾನ್‌ನ ಗೋಥಮ್ ಹೀಗೆ ಹುಟ್ಟಿದ ಊರಲ್ಲ. 1939ರಲ್ಲಿ ಬ್ಯಾಟ್‌ಮ್ಯಾನ್ ಬಂದಾಗ ಅವನು ನ್ಯೂಯಾರ್ಕಿನವನು. ಗೋಥಮ್ ಎಂಬ ಹೆಸರು ಬಿದ್ದದ್ದು ಆಮೇಲೆ. ಇವತ್ತು ಎಲ್ಲರಿಗೂ ಗೊತ್ತಿರುವ ದ್ವೀಪಗಳ ನಕ್ಷೆಯನ್ನು ಎಲಿಯಟ್ ಬ್ರೌನ್ ಬರೆದದ್ದು 1990ರ ದಶಕದ ಕೊನೆಗೆ. ಭೂಕಂಪವಾಗಿ, ಸೇತುವೆಗಳು ಮುರಿದು, ಊರು ದೇಶದಿಂದ ಕಡಿದುಹೋಗುವ ಕಥೆ ಬರೆಯಬೇಕಿತ್ತು. ಯಾವ ಸೇತುವೆ ಎಲ್ಲಿದೆ ಎಂದು ಗೊತ್ತಿರಬೇಕಿತ್ತು. ಕಥೆ ಕೇಳಿದಷ್ಟು ನಕ್ಷೆ.

ಬ್ಲ್ಯಾಕ್ ಪ್ಯಾಂಥರ್‌ನ ದೇಶ ವಕಾಂಡಾ ನೋಡಿ. 1966ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಅದನ್ನು ತಂದಾಗಿನಿಂದ ಇಡೀ ದೇಶ ನಿಂತಿರುವುದು ಕಂಪನ ಹೀರುವ ಒಂದು ಲೋಹದ ಮೇಲೆ. ಸಿರಿತನ, ಮುಚ್ಚಿದ ಗಡಿ, ಕದಿಯಲು ಬರುವ ಖಳ ಕ್ಲಾ, ಎಲ್ಲಕ್ಕೂ ಆ ಲೋಹ, ವೈಬ್ರೇನಿಯಮ್ಮೇ ಬೇರು. ನಿಮ್ಮಲ್ಲೂ ಅಂಥದೊಂದಿದೆ, ನೀವೇ ಗಮನಿಸಿಲ್ಲ. 9ನೇ ಪುಟದಲ್ಲಿ ಟ್ಯಾಂಕರ್ ಡ್ರೈವರ್ ಒಬ್ಬ "ಬೆಟ್ಟದ ಕೆರೆಗೆ ಬೀಗ ಹಾಕವ್ರೆ" ಅನ್ನುತ್ತಾನೆ. ಅಷ್ಟೇ, ಮುಂದೆ ಸುದ್ದಿಯಿಲ್ಲ. ಬೀಗದ ಕೈ ಯಾರ ಹತ್ತಿರ? ನೀರಿನ ಒತ್ತಡ ಇಳಿದಾಗ ಮೊದಲು ಒಣಗುವುದು ಎತ್ತರದ ಬಡಾವಣೆ, ಪೈಪಿನ ಕೊನೆಯ ಬೀದಿ. ನಾಯಕಿಯ ಮನೆ ಅಲ್ಲಿರಲಿ.

3ನೇ ಪುಟದ ಎರಡನೇ ಚೌಕದಲ್ಲಿ 61 ಪದಗಳ ನಿರೂಪಣೆಯಿದೆ, "ಭವ್ಯ ನಗರಿ"ಯ ವರ್ಣನೆ. ತೆಗೆದುಹಾಕಿ. ನಾಯಕಿ ತಾರಸಿಯ ಸಿಂಟೆಕ್ಸ್ ಟ್ಯಾಂಕಿನ ಮೇಲೆ ಇಳಿಯಲಿ, ಟ್ಯಾಂಕು ಖಾಲಿ ಡಬ್ಬದ ಹಾಗೆ ಢಣ್ ಎನ್ನಲಿ, ಕೆಳಗೆ ಬಿಂದಿಗೆಗಳ ಸಾಲು. ಮಾತು ಬೇಡ. ಛಾವಣಿಯಂಚಿನ ಕಲ್ಲಿನ ವಿಕಾರ ಮುಖಗಳನ್ನೂ ಬಿಡಿ. ಗೋಥಮ್‌ಗೆ ಅವು ಒಪ್ಪುತ್ತವೆ, ಅಸಲಿಗೆ ಅವು ಮಳೆನೀರು ಉಗುಳುವ ತೂಬುಗಳು. ನೀರಿಲ್ಲದ ನಿಮ್ಮೂರಲ್ಲಿ ಅವಕ್ಕೇನು ಕೆಲಸ?

ಇನ್ನು ನಿಮ್ಮ ಸಂಸ್ಥೆ, "ರಾಷ್ಟ್ರೀಯ ಅತಿಮಾನವ ನಿಯಂತ್ರಣ ಮತ್ತು ಸಂಶೋಧನಾ ಮಹಾಮಂಡಳಿ". ಈ ಹೆಸರು ಮಾತಿನ ಗುಳ್ಳೆಗಳಲ್ಲೇ 14 ಸಲ ಬಂದಿದೆ. ಚುಟುಕಾಗಿ "ರಾಅನಿಸಂಮ" ಎಂದಿದ್ದೀರಿ. ಗಟ್ಟಿಯಾಗಿ ಒಮ್ಮೆ ಹೇಳಿ ನೋಡಿ. ಮಾರ್ವೆಲ್ ಕಾಮಿಕ್ಸಿನ ಗೂಢಚಾರ ಸಂಸ್ಥೆ, 1965ರ ಶೀಲ್ಡ್‌ನ ಪೂರ್ಣರೂಪ 1991ರಲ್ಲಿ ಬದಲಾಯಿತು, ಸಿನಿಮಾಕ್ಕೆ ಬಂದಾಗ ಮತ್ತೆ ಬದಲಾಯಿತು, ಓದುಗರಿಗೆ ತೊಡಕಾಗಲಿಲ್ಲ. ಆ ಪದಕ್ಕೇ ಗುರಾಣಿ ಎಂಬ ಅರ್ಥವಿದೆಯಲ್ಲ. ಕನ್ನಡದಲ್ಲಿ ಕಸಾಪ, ಕರವೇ ನಾಲಿಗೆಗೆ ಹತ್ತುತ್ತವೆ: ಮೂರೇ ಅಕ್ಷರ, ನಡುವೆ ಬರಿಯ ಸ್ವರ ಬಂದು ತಡೆಯುವುದಿಲ್ಲ. ಮೊದಲು ಚುಟುಕು ಹೆಸರು ಹುಡುಕಿ, ಆಮೇಲೆ ಬಿಡಿಸಿ. ಒತ್ತಕ್ಷರ ಕಡಿಮೆಯಿರಲಿ, ಗುಳ್ಳೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತದೆ. ಗುಳ್ಳೆಗೆ 20 ಪದ ದಾಟಬೇಡಿ.

ಈ ಮಂಡಳಿಗೆ ದುಡ್ಡು ಯಾರದು, ಅದು ಯಾರಿಗೆ ಲೆಕ್ಕ ಒಪ್ಪಿಸುತ್ತದೆ ಎಂಬುದು ಎಲ್ಲೂ ಇಲ್ಲ. ಮಾರ್ವೆಲ್‌ನ ಖಳ ಡಾಕ್ಟರ್ ಡೂಮ್‌ನನ್ನು ಅಮೆರಿಕದಲ್ಲಿ ಸುಲಭಕ್ಕೆ ಬಂಧಿಸಲಾಗದು, ಯಾಕೆಂದರೆ ಅವನು ಲ್ಯಾಟ್ವೇರಿಯಾ ಎಂಬ ಕಲ್ಪಿತ ದೇಶದ ದೊರೆ, ರಾಜತಾಂತ್ರಿಕ ರಕ್ಷಣೆ ಇದೆ. ನಿಮ್ಮ ಮಂಡಳಿ ಏನು ಮಾಡುವಂತಿಲ್ಲ ಎಂದು ಒಂದು ಸಾಲು ಬರೆದರೆ 14ನೇ ಪುಟದ ಗಂಟು ಬಿಚ್ಚುತ್ತದೆ.

ಖಳ ಜೈಲಿನಿಂದ "ಹೇಗೋ" ತಪ್ಪಿಸಿಕೊಳ್ಳುವುದು ನಡೆಯದು. ಗೋಥಮ್‌ನ ಖಳರನ್ನು ಕೂಡಿಹಾಕುವ ಆರ್ಕಮ್ 1974ರಿಂದಲೂ ಸೋರುತ್ತಲೇ ಇದೆ, ನಿಜ. ಆದರೆ ಅದು ಮಾನಸಿಕ ಆಸ್ಪತ್ರೆ. ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್ ಗಲ್ಲಿಗೇರದೆ ಅಲ್ಲಿಗೇ ಮರಳುವುದಕ್ಕೆ ಅದೇ ಕಾರಣ. ನಿಮ್ಮ ಜೈಲಿಗೆ ಒಂದು ದೋಷ ಕೊಡಿ, ಖಳ ತಪ್ಪಿಸಿಕೊಳ್ಳುವ ಮೊದಲೇ ಅದು ಚಿತ್ರದಲ್ಲಿ ಕಾಣಲಿ. ನೀರಿನ ಪೈಪೇ ಆದೀತು.

ಇಡೀ ಸ್ಕ್ರಿಪ್ಟ್ ತಿದ್ದಲು ಹೋಗಬೇಡಿ. ಮೊದಲ ನಾಲ್ಕು ಪುಟ ಕಿತ್ತು, ಹೊಸ ಆರು ಪುಟ ಮಾತ್ರ ಕಳಿಸಿ. ಟ್ಯಾಂಕರ್ ಡ್ರೈವರ್ ಎರಡನೇ ಪುಟದೊಳಗೆ ಬರಲಿ.