ಮಂಡ್ಯದ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೂಡಲ್‌ನಲ್ಲಿ ಕೋರ್ಸ್ ಶುರು ಮಾಡುವುದು ಹೇಗೆ?

ಇಡೀ ಸೆಮಿಸ್ಟರ್‌ನ ಪಾಠವನ್ನು ಒಂದೇ ಸಲ ಹಾಕಲು ಹೋಗಬೇಡಿ. ಒಂದು ಪೇಪರ್, ಅದರಲ್ಲೂ ಮೊದಲ ಯೂನಿಟ್ ಸಾಕು.

ಮೂಡಲ್ ಅಂದರೆ ನೋಟ್ಸ್, ಕ್ವಿಜ್‌ಗಳನ್ನು ಆನ್‌ಲೈನ್‌ನಲ್ಲಿ ಮಕ್ಕಳಿಗೆ ಕೊಡಲು 2002ರಲ್ಲಿ ಬಂದ ಉಚಿತ ತಂತ್ರಾಂಶ. ಕಾಲೇಜಿನವರು ಅದನ್ನು ಸರ್ವರ್‌ನಲ್ಲಿ ಹಾಕಿಸಿ, ನಿಮ್ಮನ್ನು ಕೋರ್ಸಿಗೆ ಟೀಚರ್ ಅಂತ ಸೇರಿಸಬೇಕು. ಕೋರ್ಸ್ ತೆರೆದು, ಮೇಲೆ ಬಲಗಡೆ ಇರುವ ‘ಎಡಿಟ್ ಮೋಡ್’ ಆನ್ ಮಾಡಿ. ಹೊಸಬರು ಎಡವುವುದು ಇಲ್ಲೇ. ಅದು ಆನ್ ಆಗದೆ ಫೈಲ್ ಹಾಕುವ ಜಾಗವೇ ಕಾಣುವುದಿಲ್ಲ. ಸರ್ವರ್ ಇಲ್ಲದಿದ್ದರೆ ಗೂಗಲ್ ಕ್ಲಾಸ್‌ರೂಮ್ ಸಾಕು. ಅದು ಕೊಡುವ ಕ್ಲಾಸ್ ಕೋಡನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಸೇರಿಕೊಳ್ಳುತ್ತಾರೆ.

ಇನ್ನು ಮಕ್ಕಳ ಕಡೆಯಿಂದ ನೋಡಿ. ಮಳವಳ್ಳಿ, ನಾಗಮಂಗಲದಿಂದ ಬಸ್ಸಲ್ಲಿ ಬರುವವರ ಕೈಯಲ್ಲಿ ಇರುವುದು ಫೋನ್ ಒಂದೇ ಅಲ್ವಾ? ನನ್ನ ಹಳೆಯ ನೋಟ್ಸನ್ನು ಸ್ಕ್ಯಾನ್ ಮಾಡಿ ಹಾಕಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ ಆ ಪುಟವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಸಾಲು ಸಾಲಾಗಿ ಸರಿಸಿ ಓದುತ್ತಿದ್ದಳು. ತುಂಬಾ ಬೇಜಾರಾಯಿತು. ಅವತ್ತಿನಿಂದ ನೋಟ್ಸನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿಯೇ ಹಾಕುತ್ತೇನೆ. ಮೂಡಲ್ ಆ್ಯಪ್‌ನಲ್ಲಿ ಫೈಲ್ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓದಬಹುದು. ಇದನ್ನು ಕ್ಲಾಸಿನಲ್ಲೇ ತೋರಿಸಿಕೊಡಿ.

ಜಾಸ್ತಿ ಉಪಯೋಗಕ್ಕೆ ಬರುವುದು ಕ್ವಿಜ್. ವಾರಕ್ಕೆ ಐದೇ ಪ್ರಶ್ನೆ ಕೊಡಿ, ಎರಡು ಅವಕಾಶ ಇರಲಿ. ಜಾಸ್ತಿ ಜನ ತಪ್ಪು ಉತ್ತರ ಕೊಟ್ಟ ಪ್ರಶ್ನೆಯಿಂದಲೇ ಮರುದಿನದ ಪಾಠ ಶುರು ಮಾಡಿ. ಕೋರ್ಸ್ ತೆರೆಯುವ ಮುಂಚೆ ಒಬ್ಬ ವಿದ್ಯಾರ್ಥಿಯ ಫೋನಿನಲ್ಲಿ ಎಲ್ಲವನ್ನೂ ಒಮ್ಮೆ ಒತ್ತಿ ನೋಡಿ.