ಓದುಗರ ಪ್ರಶ್ನೆ: ನೀನೊ ರೋಟಾ ಮತ್ತು ಕೈತಪ್ಪಿದ ಆಸ್ಕರ್

ಪ್ರಶ್ನೆ: ‘ದಿ ಗಾಡ್‌ಫಾದರ್’ ಚಿತ್ರದ ಸಂಗೀತಕ್ಕೆ ದೊರೆತಿದ್ದ ಆಸ್ಕರ್ ನಾಮನಿರ್ದೇಶನವನ್ನು ಹಿಂದಕ್ಕೆ ಪಡೆಯಲಾಯಿತೆಂದು ಓದಿದ್ದೇನೆ. ಅದರ ಸಂಯೋಜಕ ನೀನೊ ರೋಟಾ ಬೇರೆಯವರ ಧಾಟಿಯನ್ನು ಬಳಸಿಕೊಂಡಿದ್ದರೇ? ಅವರ ಜೀವನದ ಕುರಿತೂ ತಿಳಿಸುವಿರಾ?

ಉತ್ತರ: ಆ ಧಾಟಿ ಅವರದೇ. 1958ರಲ್ಲಿ ಎದ್ವಾರ್ದೊ ದೆ ಫಿಲಿಪ್ಪೊ ನಿರ್ದೇಶಿಸಿದ ‘ಫೋರ್ಚುನೆಲ್ಲಾ’ ಎಂಬ ಇಟಾಲಿಯನ್ ಚಿತ್ರಕ್ಕೆ ರೋಟಾ ಅದನ್ನು ಚುರುಕಾದ, ಹಗುರವಾದ ಲಯದಲ್ಲಿ ಬಳಸಿದ್ದರು. 1972ರ ‘ದಿ ಗಾಡ್‌ಫಾದರ್’ಗಾಗಿ ಅದೇ ಸ್ವರಗಳನ್ನು ನಿಧಾನಗೊಳಿಸಿ ಪ್ರೇಮದ ಧಾಟಿಯಾಗಿ ಮಾರ್ಪಡಿಸಿದಾಗ, ಮೊದಲು ನಗೆ ತರಿಸುತ್ತಿದ್ದ ಸಂಗೀತವೇ ಸಿಸಿಲಿಯ ಬೆಟ್ಟಗುಡ್ಡಗಳ ದೃಶ್ಯಗಳಲ್ಲಿ ವಿಷಾದವನ್ನು ತುಂಬಿಕೊಂಡಿತು. ಆದರೆ ಪ್ರಶಸ್ತಿ ಚಿತ್ರಕ್ಕೆಂದೇ ಹೊಸದಾಗಿ ರಚಿಸಿದ ಸಂಗೀತಕ್ಕೆ ಮೀಸಲಾಗಿದ್ದುದರಿಂದ, ಹಳೆಯ ಬಳಕೆ ಗೊತ್ತಾದ ಕೂಡಲೇ ಆಸ್ಕರ್ ನೀಡುವ ಅಕಾಡೆಮಿ ನಾಮನಿರ್ದೇಶನವನ್ನು ರದ್ದುಗೊಳಿಸಿತು. ನಿಯಮದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಸಂಗೀತದ ದೃಷ್ಟಿಯಿಂದ ನನಗೆ ಅದು ಸಂಕುಚಿತ ನಿರ್ಧಾರವಾಗಿಯೇ ಕಾಣುತ್ತದೆ. ಮೊದಲ ಚಿತ್ರದ ಧಾಟಿಗಳೂ ಮರಳಿ ಕೇಳಿಸುವ 1974ರ ಎರಡನೆಯ ಭಾಗಕ್ಕೆ ರೋಟಾ ಅವರು ಕಾರ್ಮೈನ್ ಕೊಪ್ಪೊಲಾ ಅವರೊಂದಿಗೆ ಆಸ್ಕರ್ ಪಡೆದರು.

ತಾವು ರಚಿಸಿದ್ದನ್ನು ಮತ್ತೆ ಕೈಗೆತ್ತಿಕೊಂಡು ಬೇರೊಂದು ಭಾವಕ್ಕೆ ಹೊಂದಿಸುವುದು ರೋಟಾ ಅವರ ಕೆಲಸದ ಕ್ರಮವೇ ಆಗಿತ್ತು. ಲೂಕಿನೊ ವಿಸ್ಕೊಂತಿ ಅವರ 1963ರ ‘ಇಲ್ ಗಾತೊಪಾರ್ದೊ’ ಚಿತ್ರಕ್ಕೂ ಅವರು ತಮ್ಮದೇ ಸಿಂಫನಿಯೊಂದರ, ಅಂದರೆ ವಾದ್ಯವೃಂದಕ್ಕಾಗಿ ಬರೆದ ದೀರ್ಘ ಕೃತಿಯೊಂದರ, ಸಂಗೀತವನ್ನು ಬಳಸಿದರು. ಸಭಾಂಗಣದ ಸಂಗೀತ ಮೇಲು, ಸಿನಿಮಾ ಸಂಗೀತ ಕೀಳು ಎಂಬ ಭೇದ ಅವರಲ್ಲಿ ಇರಲಿಲ್ಲ. ಅವರನ್ನು ಅರ್ಥಮಾಡಿಕೊಳ್ಳಲು ಈ ಒಂದು ಮಾತು ಬಹಳ ಮುಖ್ಯವೆಂದು ನಾನು ಭಾವಿಸುತ್ತೇನೆ.

ಅವರು ಹುಟ್ಟಿದ್ದು ಮಿಲಾನಿನಲ್ಲಿ, 1911ರ ಡಿಸೆಂಬರ್ 3ರಂದು. ಬಾಲ್ಯದಲ್ಲೇ ರಚಿಸಿದ ಅವರ ಒರಟೋರಿಯೊ, ಅಂದರೆ ಗಾಯಕರು ಮತ್ತು ವಾದ್ಯವೃಂದಕ್ಕಾಗಿ ಬರೆದ ಧಾರ್ಮಿಕ ಕೃತಿ, 1923ರಲ್ಲಿ ಸಾರ್ವಜನಿಕವಾಗಿ ಪ್ರಯೋಗಗೊಂಡಿತು. ಸಂಯೋಜಕರಾದ ಪಿತ್ಸೆತ್ತಿ ಮತ್ತು ಕಸೆಲ್ಲಾ ಅವರಲ್ಲಿ ಕಲಿತ ನಂತರ, ವಾದ್ಯವೃಂದ ನಿರ್ವಾಹಕ ತೊಸ್ಕನೀನಿ ಅವರ ಪ್ರೋತ್ಸಾಹದಿಂದ ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಕರ್ಟಿಸ್ ಸಂಗೀತ ಸಂಸ್ಥೆಗೆ ಹೋದರು. ಮರಳಿ ಬಂದ ಮೇಲೆ ಮಿಲಾನ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಪದವಿಯನ್ನೂ ಪಡೆದರು. 1950ರಿಂದ 1977ರವರೆಗೆ ದಕ್ಷಿಣ ಇಟಲಿಯ ಬಾರಿ ನಗರದ ಸಂಗೀತ ಮಹಾವಿದ್ಯಾಲಯದ ನಿರ್ದೇಶಕರಾಗಿದ್ದರು. ಮುಂದೆ ಜಗತ್ಪ್ರಸಿದ್ಧರಾದ ವಾದ್ಯವೃಂದ ನಿರ್ವಾಹಕ ರಿಕಾರ್ಡೊ ಮೂತಿ ಅವರ ಪ್ರತಿಭೆಯನ್ನು ಎಳೆಯ ವಯಸ್ಸಿನಲ್ಲೇ ಗುರುತಿಸಿದವರಲ್ಲಿ ಅವರೂ ಒಬ್ಬರು. ನೂರೈವತ್ತರಷ್ಟು ಚಿತ್ರಗಳಿಗೆ ಸಂಗೀತ ನೀಡಿದ್ದು ಇಂಥ ಪೂರ್ಣಾವಧಿಯ ಹೊಣೆಯ ನಡುವೆಯೇ ಎಂಬುದು ಗಮನಾರ್ಹ.

ಚಿತ್ರ ನಿರ್ದೇಶಕ ಫೆದೆರಿಕೊ ಫೆಲ್ಲಿನಿ ಅವರೊಂದಿಗಿನ ನಂಟು 1952ರಲ್ಲಿ ಆರಂಭವಾಗಿ, 1979ರ ಏಪ್ರಿಲ್ 10ರಂದು ರೋಟಾ ರೋಮಿನಲ್ಲಿ ತೀರಿಕೊಳ್ಳುವವರೆಗೂ ಮುಂದುವರಿಯಿತು. ಇವರಿಬ್ಬರ ಸಾಧನೆ ಏನೆಂದು ತಿಳಿಯಲು 1954ರ ‘ಲಾ ಸ್ತ್ರಾದಾ’ ಒಂದನ್ನೇ ನೋಡಿದರೂ ಸಾಕು. ಅಲ್ಲಿ ಸರ್ಕಸ್ಸಿನ ಕಲಾವಿದನೊಬ್ಬ ಪುಟ್ಟ ಪಿಟೀಲಿನಲ್ಲಿ ನುಡಿಸುವ ಧಾಟಿಯನ್ನು ಕಥಾನಾಯಕಿ ಜೆಲ್ಸೊಮೀನಾ ತುತ್ತೂರಿಯಲ್ಲಿ ತನ್ನದಾಗಿಸಿಕೊಳ್ಳುತ್ತಾಳೆ. ಆಕೆಯನ್ನು ನಡುದಾರಿಯಲ್ಲಿ ಬಿಟ್ಟುಹೋದ, ಊರೂರು ತಿರುಗಿ ಬಲಪ್ರದರ್ಶನ ಮಾಡುವ ಜಂಪನೊ, ವರ್ಷಗಳ ನಂತರ ಬಟ್ಟೆ ಒಣಹಾಕುತ್ತಿರುವ ಯಾರೋ ಹೆಂಗಸು ಅದೇ ಧಾಟಿಯನ್ನು ಗುನುಗುವುದನ್ನು ಕೇಳಿ ನಿಂತು ವಿಚಾರಿಸುತ್ತಾನೆ. ಜೆಲ್ಸೊಮೀನಾ ಸತ್ತಿರುವುದು ಅವನಿಗೆ ಗೊತ್ತಾಗುವುದು ಆಗಲೇ. ಇಲ್ಲಿ ಸಂಗೀತ ಹಿನ್ನೆಲೆಯಲ್ಲಿ ಉಳಿಯದೆ ಕಥೆಯ ಸುದ್ದಿಯನ್ನೇ ಹೊತ್ತು ತರುತ್ತದೆ. ಮಾತಿನಲ್ಲಿ ಹೇಳಿದ್ದರೆ ಆ ದೃಶ್ಯಕ್ಕೆ ಇಷ್ಟು ತೂಕ ಬರುತ್ತಿರಲಿಲ್ಲ.

ಇದೇ ಚಿತ್ರದ ಸಂಗೀತವನ್ನು ಆಧರಿಸಿ ರೋಟಾ ರೂಪಿಸಿದ ಬ್ಯಾಲೆ 1966ರಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು. ಅವರ ಸಿನಿಮಾಯೇತರ ಕೃತಿಗಳನ್ನು ಕೇಳಲು ನಿಮಗೆ ಆಸಕ್ತಿಯಿದ್ದರೆ ಚಿತ್ರವನ್ನು ನೋಡಿದ ಬಳಿಕ ಈ ಬ್ಯಾಲೆಯ ಸಂಗೀತವನ್ನು ಕೇಳಿ, ಅನಂತರ ತಂತಿವಾದ್ಯಗಳಿಗಾಗಿ ಅವರು ಬರೆದ ಕನ್ಚೆರ್ಟೊ ಎಂಬ ಬಗೆಯ ವಾದ್ಯಕೃತಿಯನ್ನು ಆರಿಸಿಕೊಳ್ಳಿ.